ಉತ್ತರ ಯಾವಾಗಲೂ ದುಪ್ಪಟ್ಟು ಬರುತ್ತಿದೆ, ಎಲ್ಲಿ ತಪ್ಪುತ್ತಿದ್ದೇನೆ?

ಪ್ರಶ್ನೆ: ನಾನು ಎಂಜಿನಿಯರಿಂಗ್ ಮೂರನೇ ಸೆಮಿಸ್ಟರ್ ವಿದ್ಯಾರ್ಥಿನಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಡಿಸ್ಕ್ರೀಟ್ ಮ್ಯಾಥ್ಸ್‌ನಲ್ಲಿ (ಎಣಿಕೆ, ತರ್ಕ ಇತ್ಯಾದಿ ಬರುವ ಗಣಿತ) ಬಿಡಿಸಿಟ್ಟ ಲೆಕ್ಕ ಓದಿದರೆ ಎಲ್ಲವೂ ಅರ್ಥವಾಗುತ್ತದೆ. ಪುಸ್ತಕ ಮುಚ್ಚಿ ಹೊಸ ಲೆಕ್ಕ ಹಿಡಿದರೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುವುದಿಲ್ಲ. ಕ್ರಮಯೋಜನೆಯೋ (ಪರ್ಮ್ಯುಟೇಶನ್) ವಿಕಲ್ಪವೋ (ಕಾಂಬಿನೇಶನ್) ಎಂದು ಪ್ರತಿ ಸಲವೂ ಗೊಂದಲ. ಸಂಭವನೀಯತೆಯಲ್ಲಿ ನನ್ನ ಉತ್ತರ ಒಂದೋ ದುಪ್ಪಟ್ಟು, ಇಲ್ಲವೇ ಅರ್ಧ. ತರ್ಕದಲ್ಲಿ ಟ್ರೂತ್ ಟೇಬಲ್ (ನಿಜ, ಸುಳ್ಳುಗಳ ಪಟ್ಟಿ) ಹಾಕಲು ಬರುತ್ತದೆ, ವಾಕ್ಯ ಕೊಟ್ಟು ಸಂಕೇತದಲ್ಲಿ ಬರೆಯಿರಿ ಎಂದರೆ ತಪ್ಪುತ್ತೇನೆ. ದಿನಕ್ಕೆ ಎಷ್ಟು ಲೆಕ್ಕ ಮಾಡಬೇಕು? ಇಂಗ್ಲಿಷ್ ಸಾಲದೆ ಹೀಗಾಗುತ್ತಿದೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಬರುತ್ತೇನೆ. ಇಂಗ್ಲಿಷ್ ಸಾಲದೆ ಹೀಗಾಗುತ್ತಿಲ್ಲ. ಈ ವಿಷಯವನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಮಾಡಿದ್ದೇನೆ. ಕಾನ್ವೆಂಟಿನಲ್ಲಿ ಓದಿ ಬಂದ ಮಕ್ಕಳೂ ನೀವು ಎಡವುವ ಜಾಗದಲ್ಲೇ ಎಡವುತ್ತಾರೆ. ಸೂತ್ರಕ್ಕೆ ಕೈ ಹಾಕುವ ಮುಂಚೆ "ನಾನು ಎಣಿಸುತ್ತಿರುವುದು ಯಾವುದನ್ನು?" ಎಂದು ಒಂದು ಸಾಲು ಬರೆದುಕೊಳ್ಳುವ ಅಭ್ಯಾಸ ಹೆಚ್ಚಿನವರಿಗೆ ಇರುವುದಿಲ್ಲ. ಆ ಸಾಲನ್ನು ಕನ್ನಡದಲ್ಲೇ ಬರೆಯಿರಿ. ಯಾವ ಭಾಷೆಯಲ್ಲಿ ಯೋಚನೆ ಸಲೀಸಾಗಿ ಓಡುತ್ತದೋ ಆ ಭಾಷೆಯಲ್ಲಿ ಬರೆದಾಗ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ. ಪರೀಕ್ಷೆಯ ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಯುವುದು ಆಮೇಲಿನ ಕೆಲಸ.

ಉತ್ತರ ದುಪ್ಪಟ್ಟು ಬರುತ್ತದೆ ಎಂದು ಬರೆದಿದ್ದೀರಲ್ಲ, ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಮಾತು ಅದು. ಒಂದೇ ವಸ್ತುವನ್ನು ಎರಡು ಸಲ ಎಣಿಸುತ್ತಿದ್ದೀರಿ ಎಂದು ಅದರಿಂದಲೇ ಗೊತ್ತಾಗುತ್ತದೆ. ಇದು ಹೇಗೆ ನುಸುಳುತ್ತದೆ ಎಂದು ಒಂದು ಲೆಕ್ಕ ಹಿಡಿದು ನೋಡೋಣ.

ಕಾಲೇಜಿನ ವಾರ್ಷಿಕೋತ್ಸವದ ಕೆಲಸಕ್ಕೆ 4 ಹುಡುಗಿಯರು, 5 ಹುಡುಗರು ಹೆಸರು ಕೊಟ್ಟಿದ್ದಾರೆ. ಇವರಲ್ಲಿ 3 ಜನರ ಸಮಿತಿ ಮಾಡಬೇಕು. ಸಮಿತಿಯಲ್ಲಿ ಕಡೇಪಕ್ಷ ಒಬ್ಬ ಹುಡುಗಿ ಇರಬೇಕು. ಎಷ್ಟು ರೀತಿಯಲ್ಲಿ ಮಾಡಬಹುದು?

ಪ್ರತಿ ವರ್ಷವೂ ತರಗತಿಯಲ್ಲಿ ಯಾರಾದರೊಬ್ಬರು ಬೋರ್ಡಿನ ಮೇಲೆ ಹೀಗೆ ಬರೆಯುತ್ತಾರೆ: ಮೊದಲು ಒಬ್ಬ ಹುಡುಗಿಯನ್ನು ಆರಿಸುತ್ತೇನೆ, 4 ರೀತಿ. ಉಳಿದ 8 ಜನರಲ್ಲಿ ಯಾರಾದರೂ ಇಬ್ಬರು, 28 ರೀತಿ. ಒಟ್ಟು 4 × 28 = 112.

ಓದಿದರೆ ತಪ್ಪು ಕಾಣುವುದೇ ಇಲ್ಲ, ಅಷ್ಟು ಸರಾಗವಾಗಿದೆ. ಆದರೆ ಷರತ್ತನ್ನೇ ತೆಗೆದುಹಾಕಿ ನೋಡಿ. 9 ಜನರಲ್ಲಿ ಯಾವುದೇ 3 ಜನರನ್ನು ಆರಿಸುವುದು 84 ರೀತಿ. ಷರತ್ತು ಹಾಕಿದ ಮೇಲೆ ಸಂಖ್ಯೆ ಇಳಿಯಬೇಕಿತ್ತು, 112ಕ್ಕೆ ಏರಿದೆ. ಈ ಒಂದು ಹೋಲಿಕೆ ಮಾಡಲು ಅರ್ಧ ನಿಮಿಷ ಸಾಕು. ಪರೀಕ್ಷೆಯಲ್ಲೂ ಇದನ್ನು ಬಿಡಬೇಡಿ.

ಈಗ ತಪ್ಪಿನ ಬುಡ ಹುಡುಕೋಣ. ಸವಿತಾ, ಮಂಗಳಾ, ರವಿ ಇರುವ ಒಂದು ಸಮಿತಿ ತೆಗೆದುಕೊಳ್ಳಿ. ಮೇಲಿನ ಲೆಕ್ಕದಲ್ಲಿ ಮೊದಲು ಸವಿತಾಳನ್ನು ಆರಿಸಿ, ಆಮೇಲೆ ಮಂಗಳಾ ಮತ್ತು ರವಿಯನ್ನು ಸೇರಿಸಿದಾಗ ಇದು ಒಂದು ಸಲ ಎಣಿಕೆಗೆ ಬಂತು. ಮೊದಲು ಮಂಗಳಾಳನ್ನು ಆರಿಸಿ, ಆಮೇಲೆ ಸವಿತಾ ಮತ್ತು ರವಿಯನ್ನು ಸೇರಿಸಿದಾಗ ಮತ್ತೊಂದು ಸಲ ಬಂತು. ಸಮಿತಿ ಅದೇ. ಇಬ್ಬರು ಹುಡುಗಿಯರಿರುವ ಪ್ರತಿ ಸಮಿತಿಯೂ ಎರಡು ಸಲ, ಮೂವರೂ ಹುಡುಗಿಯರಾದರೆ ಮೂರು ಸಲ ಎಣಿಕೆಯಾಗಿದೆ. ಸರಿಯಾದ ಲೆಕ್ಕ: ಒಬ್ಬಳೇ ಹುಡುಗಿ ಇರುವ ಸಮಿತಿಗಳು 4 × 10 = 40, ಇಬ್ಬರಿರುವುವು 6 × 5 = 30, ಮೂವರೂ ಹುಡುಗಿಯರಾದರೆ 4. ಒಟ್ಟು 74. ತಪ್ಪು ಉತ್ತರವನ್ನೂ ಇದರಿಂದಲೇ ಕಟ್ಟಿ ನೋಡಿ: 40 × 1 + 30 × 2 + 4 × 3 = 112. ತಪ್ಪು ಎಲ್ಲಿಂದ ಬಂತೆಂದು ಹೀಗೆ ಪೈಸೆ ಪೈಸೆ ಲೆಕ್ಕ ಸಿಕ್ಕಾಗ ಮಾತ್ರ ಆ ತಪ್ಪು ಮತ್ತೆ ನಿಮ್ಮ ಹತ್ತಿರ ಬರುವುದಿಲ್ಲ. ಇನ್ನೊಂದು ದಾರಿಯಲ್ಲೂ ತಾಳೆ ನೋಡಬಹುದು: ಹುಡುಗಿಯರೇ ಇಲ್ಲದ ಸಮಿತಿಗಳು 10, ಹಾಗಾಗಿ 84 − 10 = 74.

ಕಿತಾಪತಿ ಮಾಡಿದ್ದು "ಮೊದಲು" ಎಂಬ ಪದ. ಸಮಿತಿಯಲ್ಲಿ ಮೊದಲ ಹುಡುಗಿ ಎಂಬ ಸ್ಥಾನವೇ ಇಲ್ಲ. ಆರಿಸುವ ಕಥೆ ಹೇಳುವಾಗ ನಾವೇ ಆ ಸ್ಥಾನ ಹುಟ್ಟಿಸಿ, ಅದಕ್ಕೂ ಲೆಕ್ಕ ಹಾಕಿಬಿಟ್ಟೆವು. "ನಾನು ಎಣಿಸುತ್ತಿರುವುದು ಮೂವರ ಗುಂಪನ್ನು, ಗುಂಪಿನಲ್ಲಿ ಯಾರಿಗೂ ಹುದ್ದೆಯಿಲ್ಲ" ಎಂದು ಮೊದಲೇ ಬರೆದಿದ್ದರೆ ಇದು ಸಿಕ್ಕಿಬೀಳುತ್ತಿತ್ತು.

ಕ್ರಮಯೋಜನೆಯೋ ವಿಕಲ್ಪವೋ ಎಂಬ ಗೊಂದಲಕ್ಕೂ ಮದ್ದು ಇದೇ. ಆರಿಸಿದ ಇಬ್ಬರನ್ನು ಅದಲು ಬದಲು ಮಾಡಿ ನೋಡಿ. ಹೊಸದೊಂದು ಸಿಕ್ಕಿತೇ, ಹಳೆಯದೇ ಉಳಿಯಿತೇ? 5 ಜನರಲ್ಲಿ ಒಬ್ಬರು ಅಧ್ಯಕ್ಷರು, ಒಬ್ಬರು ಕಾರ್ಯದರ್ಶಿ ಎಂದರೆ ಅದಲು ಬದಲಿನಿಂದ ಆಡಳಿತವೇ ಬದಲಾಗುತ್ತದೆ, ಇದು ಕ್ರಮಯೋಜನೆ, 20 ರೀತಿ. ಅದೇ 5 ಜನರಲ್ಲಿ ಇಬ್ಬರು ಮೈಸೂರಿಗೆ ಹೋಗಿಬರಬೇಕು ಎಂದರೆ ಅದಲು ಬದಲು ಮಾಡಿದರೂ ಹೋಗುವವರು ಅವರೇ, ಇದು ವಿಕಲ್ಪ, 10 ರೀತಿ. ಪ್ರಶ್ನೆಯಲ್ಲಿ "ಆಯ್ಕೆ" ಎಂಬ ಪದವಿದ್ದರೆ ವಿಕಲ್ಪ, "ಜೋಡಣೆ" ಎಂದಿದ್ದರೆ ಕ್ರಮಯೋಜನೆ ಎಂದು ಗೈಡುಗಳಲ್ಲಿ ಹೇಳಿಕೊಡುತ್ತಾರೆ. ಅದನ್ನು ಮರೆತುಬಿಡಿ ಎಂದೇ ನಾನು ಹೇಳುತ್ತೇನೆ. ಪದ ನೋಡಿ ಸೂತ್ರ ಆರಿಸುವವರು ಪದ ಬದಲಾದ ದಿನ ಕೈಚೆಲ್ಲುತ್ತಾರೆ.

ಹೊಸ ಲೆಕ್ಕ ಎದುರಾದಾಗ ಎಲ್ಲಿಂದ ಶುರು ಮಾಡುವುದು? ಸಂಖ್ಯೆಗಳನ್ನು ಕುಗ್ಗಿಸಿ, ಕೈಯಲ್ಲೇ ಪಟ್ಟಿ ಮಾಡಿ. ಇದು ನಮ್ಮಲ್ಲಿ ಬಹಳ ಹಳೆಯ ಅಭ್ಯಾಸ. 9ನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ ವಿಕಲ್ಪಗಳ ಸಾಮಾನ್ಯ ಸೂತ್ರವನ್ನೇ ಕೊಟ್ಟು, ಅದರ ಬೆನ್ನಿಗೆ ಒಂದು ಲೆಕ್ಕ ಕೇಳುತ್ತಾನೆ: ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರು ರಸಗಳನ್ನು ಬೆರೆಸಿದರೆ ಎಷ್ಟು ಬಗೆ? ಒಂದೊಂದೇ ರಸ 6, ಎರಡೆರಡು 15, ಮೂರು ಮೂರು 20, ನಾಲ್ಕು 15, ಐದು 6, ಆರೂ ಸೇರಿ 1. ಒಟ್ಟು 63. ಇನ್ನೊಂದು ದಾರಿ: ಪ್ರತಿ ರಸವೂ ಇರಬಹುದು ಅಥವಾ ಇಲ್ಲದಿರಬಹುದು, ಎರಡೆರಡು ಅವಕಾಶ. ಎರಡನ್ನು ಆರು ಸಲ ಗುಣಿಸಿದರೆ 64, ಯಾವ ರಸವೂ ಇಲ್ಲದ ಒಂದನ್ನು ಕಳೆದರೆ 63. ಎರಡು ದಾರಿ ಒಂದೇ ಊರಿಗೆ ಮುಟ್ಟಿದಾಗ ಬರುವ ಧೈರ್ಯ ಪುಸ್ತಕದ ಕೊನೆಯ ಪುಟದ ಉತ್ತರ ನೋಡಿದಾಗ ಬರುವುದಿಲ್ಲ.

ನೀವು ಕನ್ನಡ ಮಾಧ್ಯಮದವರಾದ್ದರಿಂದ ಇನ್ನೊಂದು ಅನುಕೂಲವಿದೆ. ಹೈಸ್ಕೂಲಿನಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿದ್ದೀರಿ. ಲಘು ಒಂದು ಮಾತ್ರೆ, ಗುರು ಎರಡು ಮಾತ್ರೆ. ನಾಲ್ಕು ಮಾತ್ರೆಯ ಗಣ ಎಷ್ಟು ಬಗೆಯಲ್ಲಿ ಬರಬಹುದು? ಲಘುವಿಗೆ ಲ, ಗುರುವಿಗೆ ಗ ಎಂದು ಬರೆದರೆ: ಲಲಲಲ, ಗಲಲ, ಲಗಲ, ಲಲಗ, ಗಗ. ಐದು. ಈಗ ಕೊನೆಯ ಅಕ್ಷರವನ್ನಷ್ಟೇ ನೋಡಿ. ಲಘುವಿನಲ್ಲಿ ಮುಗಿಯುವ ಮೂರರಿಂದ ಆ ಲಘುವನ್ನು ತೆಗೆದರೆ ಲಲಲ, ಗಲ, ಲಗ ಉಳಿಯುತ್ತವೆ, ಅಂದರೆ ಮೂರು ಮಾತ್ರೆಯ ಗಣಗಳೆಲ್ಲವೂ. ಗುರುವಿನಲ್ಲಿ ಮುಗಿಯುವ ಎರಡರಿಂದ ಗುರುವನ್ನು ತೆಗೆದರೆ ಲಲ, ಗ ಉಳಿಯುತ್ತವೆ, ಎರಡು ಮಾತ್ರೆಯವೆಲ್ಲವೂ. ಹಾಗಾಗಿ 5 = 3 + 2. ಐದು ಮಾತ್ರೆಗೆ 5 + 3 = 8. ಹಿಂದಿನ ಸಂಖ್ಯೆಗಳಿಂದ ಮುಂದಿನದನ್ನು ಕಟ್ಟುವ ಇಂಥ ನಿಯಮವೇ ನಿಮ್ಮ ಸಿಲಬಸ್ಸಿನಲ್ಲಿ ರಿಕರೆನ್ಸ್ ರಿಲೇಶನ್ ಎಂಬ ಹೆಸರಿನಲ್ಲಿ ಬರುವುದು. 1, 2, 3, 5, 8 ಎಂಬ ಈ ಸಾಲಿನ ನಿಯಮವನ್ನು ಜೈನ ವಿದ್ವಾಂಸ ಹೇಮಚಂದ್ರ 12ನೇ ಶತಮಾನದಲ್ಲಿ ಛಂದಸ್ಸಿನ ಮಾತಿನಲ್ಲೇ ಹೇಳಿದ್ದ. ಈಗ ಈ ಸಾಲಿಗೆ ಯಾರ ಹೆಸರಿದೆಯೋ ಆ ಇಟಲಿಯ ಫಿಬೊನಾಚಿಯ ಪುಸ್ತಕ ಬಂದದ್ದು 1202ರಲ್ಲಿ. "ಒಂದು ಅಥವಾ ಎರಡು ಮೆಟ್ಟಿಲು ಹತ್ತುತ್ತಾ ಹತ್ತನೇ ಮೆಟ್ಟಿಲಿಗೆ ಎಷ್ಟು ರೀತಿಯಲ್ಲಿ ಹೋಗಬಹುದು" ಎಂಬ ಲೆಕ್ಕ ಬಂದರೆ ಹೆದರಬೇಡಿ, ಅದು ಹತ್ತು ಮಾತ್ರೆಯ ಪ್ರಸ್ತಾರವೇ. ಭಾಮಿನಿ ಷಟ್ಪದಿಯಲ್ಲಿ ಮೂರು ಮತ್ತು ನಾಲ್ಕು ಮಾತ್ರೆಯ ಗಣ ಜೋಡಿಯಾಗಿ ಬರುತ್ತವಲ್ಲ, ಅಂಥ ಒಂದು ಜೋಡಿಗೆ 3 × 5 = 15 ಬಗೆ. ಷಟ್ಪದಿಯಲ್ಲಿ ಗಣ ಲಗದಿಂದ ಶುರುವಾಗಬಾರದು ಎಂಬ ನಿಯಮ ಸೇರಿಸಿದರೆ 2 × 4 = 8. ನಿರ್ಬಂಧವಿರುವ ಎಣಿಕೆಗೆ ಇದಕ್ಕಿಂತ ಚೆಂದದ ಉದಾಹರಣೆ ನನಗೆ ಗೊತ್ತಿಲ್ಲ.

ಸಂಭವನೀಯತೆಗೆ ಬರೋಣ. ಇಲ್ಲಿ ಎಣಿಕೆಯ ತಪ್ಪಿನ ಜೊತೆಗೆ ಇನ್ನೊಂದು ತಪ್ಪು ಸೇರಿಕೊಳ್ಳುತ್ತದೆ: ಸಮಾನವಲ್ಲದ್ದನ್ನು ಸಮಾನ ಎಂದುಕೊಳ್ಳುವುದು. ನಾಲ್ಕು ಕವಡೆ ಹಾಕಿ ಚೌಕಾಬಾರ ಆಡಿದ್ದರೆ ಇದು ಬೇಗ ಹಿಡಿತಕ್ಕೆ ಸಿಗುತ್ತದೆ. ನಮ್ಮ ಮನೆಯ ಕ್ರಮದಲ್ಲಿ ಎಷ್ಟು ಕವಡೆ ಅಂಗಾತ ಬೀಳುತ್ತವೋ ಅಷ್ಟು ಮನೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, 4 ಮನೆ. ನಾಲ್ಕೂ ಬೋರಲು ಬಿದ್ದರೆ ಬಾರ, 8 ಮನೆ. ಹಾಗಾದರೆ ಬೀಳಬಹುದಾದ ಗರಗಳು 1, 2, 3, 4, 8 ಎಂಬ ಐದು. ಬಾರ ಬೀಳುವ ಸಂಭವನೀಯತೆ 1/5 ಎನ್ನಬಹುದೇ? ಆಡಿದವರು ಯಾರೂ ಒಪ್ಪುವುದಿಲ್ಲ. ಎರಡು ಬೀಳುವಷ್ಟು ಸಲ ಬಾರ ಬಿದ್ದಿದ್ದರೆ ಆಟ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತಿತ್ತು.

ನಾಲ್ಕು ಕವಡೆಗಳಿಗೂ ಮನಸ್ಸಿನಲ್ಲೇ ಒಂದೊಂದು ಬಣ್ಣ ಹಚ್ಚಿ. ಪ್ರತಿ ಕವಡೆಗೂ ಅಂಗಾತ ಅಥವಾ ಬೋರಲು, ಒಟ್ಟು 16 ಫಲಿತಗಳು. ಇವುಗಳಲ್ಲಿ ಚೌಕ 1, ಬಾರ 1. ಒಂದು ಬೀಳುವುದು 4 ರೀತಿ, ಮೂರು ಬೀಳುವುದು 4 ರೀತಿ, ಎರಡು ಬೀಳುವುದು 6 ರೀತಿ. ಬಾರದ ಸಂಭವನೀಯತೆ 1/16, ಎರಡರದು 6/16. ಒಂದು ಎಸೆತಕ್ಕೆ ಸರಾಸರಿ ಎಷ್ಟು ಮನೆ ನಡೆಯುತ್ತೇವೆ? 1×4 + 2×6 + 3×4 + 4×1 + 8×1 = 40, ಇದನ್ನು 16ರಿಂದ ಭಾಗಿಸಿದರೆ ಎರಡೂವರೆ ಮನೆ.

ಇಲ್ಲಿಗೆ ಪುಸ್ತಕದ ಲೆಕ್ಕ ಮುಗಿಯಿತು. ಆದರೆ ನಿಜವಾದ ಕವಡೆ ನಾಣ್ಯದ ಹಾಗೆ ಅಲ್ಲ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ಸೀಳು. ಎರಡು ಕಡೆಗೂ ಸಮನಾಗಿ ಬೀಳಬೇಕೆಂಬ ಕಟ್ಟಳೆಯಿಲ್ಲ. ಮನೆಯಲ್ಲಿ ಕವಡೆ ಇದ್ದರೆ ಒಂದೇ ಕವಡೆಯನ್ನು 200 ಸಲ ಎಸೆದು ಬರೆದಿಡಿ. ಐದರಲ್ಲಿ ಮೂರು ಪಾಲು ಅಂಗಾತ ಬಿತ್ತು ಎಂದಿಟ್ಟುಕೊಳ್ಳಿ. ಆಗ ಚೌಕಕ್ಕೆ 3/5ನ್ನು ನಾಲ್ಕು ಸಲ ಗುಣಿಸಬೇಕು, 81/625. ಬಾರಕ್ಕೆ 2/5ನ್ನು ನಾಲ್ಕು ಸಲ, 16/625. ಸಮಾನವಾಗಿದ್ದ ಎರಡರ ನಡುವೆ ಈಗ ಐದು ಪಟ್ಟು ಅಂತರ. 16 ಫಲಿತಗಳೂ ಸಮಾನ ಎಂಬುದು ನಾವು ಇಟ್ಟುಕೊಂಡ ಊಹೆ. ಅದನ್ನು ಉತ್ತರದ ಮೊದಲ ಸಾಲಿನಲ್ಲೇ ಬರೆಯಬೇಕು.

ಈ ತಪ್ಪು ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಫ್ರಾನ್ಸಿನ ದೊಡ್ಡ ಗಣಿತಜ್ಞ ದಾಲಂಬೇರ್ 1754ರಲ್ಲಿ ವಿಶ್ವಕೋಶಕ್ಕೆ ಬರೆದ ಲೇಖನದಲ್ಲಿ, ನಾಣ್ಯವನ್ನು ಎರಡು ಸಲ ಚಿಮ್ಮಿದರೆ ಒಮ್ಮೆಯಾದರೂ ತಲೆ ಬೀಳುವ ಸಂಭವನೀಯತೆ 2/3 ಎಂದು ವಾದಿಸಿದ. ಮೊದಲ ಸಲವೇ ತಲೆ ಬಿದ್ದರೆ ಆಟ ಮುಗಿಯಿತು, ಇಲ್ಲವೇ ಎರಡನೇ ಸಲ ತಲೆ, ಇಲ್ಲವೇ ಎರಡೂ ಬಾಲ, ಹೀಗೆ ಮೂರೇ ಫಲಿತ ಎಂಬುದು ಅವನ ವಾದ. ಮೂರು ಫಲಿತ ನಿಜ, ಆದರೆ ಅವು ಸಮಾನವಲ್ಲ. ಮೊದಲನೆಯದರ ತೂಕ 1/2, ಉಳಿದೆರಡರದು 1/4 ಮತ್ತು 1/4. ಉತ್ತರ 3/4.

ಷರತ್ತುಬದ್ಧ ಸಂಭವನೀಯತೆಗೆ, ಅಂದರೆ ಬೇಯ್ಸ್ ಲೆಕ್ಕಗಳಿಗೆ, ಸೂತ್ರ ಬರೆಯುವ ಮುಂಚೆ ಸಾವಿರ ಜನರನ್ನು ಎದುರಿಗೆ ನಿಲ್ಲಿಸಿಕೊಳ್ಳಿ. ನೂರಕ್ಕೆ ಒಬ್ಬರಿಗೆ ರೋಗ, ರೋಗವಿದ್ದವರಲ್ಲಿ ನೂರಕ್ಕೆ 90 ಜನರನ್ನು ಪರೀಕ್ಷೆ ಹಿಡಿಯುತ್ತದೆ, ರೋಗವಿಲ್ಲದವರಲ್ಲೂ ನೂರಕ್ಕೆ 10 ಜನರಿಗೆ ತಪ್ಪಾಗಿ ಪಾಸಿಟಿವ್ ಎನ್ನುತ್ತದೆ ಎಂದು ಲೆಕ್ಕದಲ್ಲಿ ಕೊಟ್ಟು, ಪಾಸಿಟಿವ್ ಬಂದವರಿಗೆ ನಿಜಕ್ಕೂ ರೋಗವಿರುವ ಸಂಭವನೀಯತೆ ಎಷ್ಟು ಎಂದು ಕೇಳಿದ್ದಾರೆ. ಸಾವಿರದಲ್ಲಿ ರೋಗಿಗಳು 10, ಅವರಲ್ಲಿ 9 ಪಾಸಿಟಿವ್. ಆರೋಗ್ಯವಂತರು 990, ಅವರಲ್ಲಿ 99 ಪಾಸಿಟಿವ್. ಪಾಸಿಟಿವ್ ಬಂದವರು ಒಟ್ಟು 108, ನಿಜಕ್ಕೂ ರೋಗವಿರುವುದು 9 ಜನರಿಗೆ. ಉತ್ತರ 1/12. ಈ 108 ಜನರನ್ನು ಕಣ್ಣಾರೆ ಕಂಡ ಮೇಲೆ ಸೂತ್ರದಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂಬ ಅನುಮಾನ ಉಳಿಯುವುದಿಲ್ಲ.

ತರ್ಕದ ಭಾಗದಲ್ಲಿ ಕನ್ನಡ ನಿಮಗೆ ನೇರವಾಗಿಯೇ ಸಹಾಯ ಮಾಡುತ್ತದೆ. "ನೋಂದಣಿ ಮಾಡಿಸಿದರೆ ಪ್ರಮಾಣಪತ್ರ ಸಿಗುತ್ತದೆ" ಎಂಬುದರಲ್ಲಿ ಬಾಣ ("ಇದಾದರೆ ಅದು" ಎಂಬುದರ ಸಂಕೇತ →) ನೋಂದಣಿಯಿಂದ ಪತ್ರದ ಕಡೆಗೆ. "ನೋಂದಣಿ ಮಾಡಿಸಿದರೆ ಮಾತ್ರ ಪ್ರಮಾಣಪತ್ರ ಸಿಗುತ್ತದೆ" ಎಂದಾಗ ಬಾಣ ತಿರುಗುತ್ತದೆ: ಪತ್ರ ಸಿಕ್ಕಿದೆ ಎಂದರೆ ನೋಂದಣಿ ಆಗಿತ್ತು. ಎರಡನೆಯ ವಾಕ್ಯ, ನೋಂದಣಿ ಮಾಡಿಸಿದವರಿಗೆಲ್ಲ ಪತ್ರ ಸಿಕ್ಕೇ ಸಿಗುತ್ತದೆ ಎಂದು ಭರವಸೆ ಕೊಡುವುದಿಲ್ಲ. ಮಾತುಕತೆಯಲ್ಲಿ ನಾವು ಒಂದನ್ನು ಹೇಳಿ ಎರಡನ್ನೂ ಅರ್ಥ ಮಾಡಿಕೊಳ್ಳುತ್ತೇವೆ. ಲೆಕ್ಕದಲ್ಲಿ ಹೇಳಿದಷ್ಟೇ ಲೆಕ್ಕಕ್ಕೆ.

ನಿಷೇಧದ ವಿಷಯವೂ ಹಾಗೆಯೇ. "ಎಲ್ಲರೂ ಪಾಸಾಗಿದ್ದಾರೆ" ಎಂಬುದನ್ನು ನಿಷೇಧಿಸಿ ಎಂದರೆ ಅರ್ಧ ತರಗತಿ "ಯಾರೂ ಪಾಸಾಗಿಲ್ಲ" ಎಂದು ಬರೆಯುತ್ತದೆ. ಕನ್ನಡದಲ್ಲಿ "ಎಲ್ಲರೂ ಪಾಸಾಗಿಲ್ಲ" ಬೇರೆ, "ಯಾರೂ ಪಾಸಾಗಿಲ್ಲ" ಬೇರೆ ಎಂದು ನಿಮಗೆ ಚಿಕ್ಕಂದಿನಿಂದ ಗೊತ್ತು. ಬೇಕಾಗಿರುವುದು ಮೊದಲನೆಯದು: ಒಬ್ಬರಾದರೂ ಫೇಲಾಗಿದ್ದಾರೆ.

ಇನ್ನೊಂದು ಲೆಕ್ಕ. ನಾಲ್ಕು ಕಾರ್ಡುಗಳ ಒಂದು ಬದಿಯಲ್ಲಿ ಅಕ್ಷರ, ಇನ್ನೊಂದು ಬದಿಯಲ್ಲಿ ಸಂಖ್ಯೆ. ಕಾಣುತ್ತಿರುವುದು ಅ, ಕ್, 4, 7. "ಒಂದು ಬದಿಯಲ್ಲಿ ಸ್ವರವಿದ್ದರೆ ಇನ್ನೊಂದು ಬದಿಯಲ್ಲಿ ಸಮಸಂಖ್ಯೆ ಇದೆ" ಎಂಬ ಮಾತು ನಿಜವೋ ಸುಳ್ಳೋ ತಿಳಿಯಲು ಯಾವ ಕಾರ್ಡುಗಳನ್ನು ತಿರುಗಿಸಲೇಬೇಕು? ಇಂಥ ಪ್ರಯೋಗವನ್ನು ಮನೋವಿಜ್ಞಾನಿ ಪೀಟರ್ ವೇಸನ್ 1966ರಲ್ಲಿ ಪ್ರಕಟಿಸಿದ. ಹೆಚ್ಚಿನವರು ಅ ಮತ್ತು 4 ಎನ್ನುತ್ತಾರೆ. ಅದನ್ನೇ ಬಸ್ಸಿಗೆ ತನ್ನಿ. ರಿಯಾಯಿತಿ ಪಾಸ್ ಇದ್ದರೆ ಕಾಲೇಜಿನ ಗುರುತಿನ ಚೀಟಿ ಇರಬೇಕು ಎಂಬುದು ನಿಯಮ. ಒಬ್ಬ ಪಾಸ್ ತೋರಿಸಿದ, ಒಬ್ಬ ಟಿಕೆಟ್ ತೆಗೆದುಕೊಂಡ, ಒಬ್ಬಳ ಕೊರಳಲ್ಲಿ ಗುರುತಿನ ಚೀಟಿ ನೇತಾಡುತ್ತಿದೆ, ಇನ್ನೊಬ್ಬಳು ಚೀಟಿ ಇಲ್ಲ ಎನ್ನುತ್ತಾಳೆ. ಕಂಡಕ್ಟರ್ ವಿಚಾರಿಸುವುದು ಪಾಸ್ ತೋರಿಸಿದವನನ್ನು ಮತ್ತು ಚೀಟಿ ಇಲ್ಲದವಳನ್ನು. ಕೊರಳಲ್ಲಿ ಚೀಟಿ ಇರುವವಳ ಬಳಿ ಪಾಸ್ ಇದ್ದರೂ ಇರದಿದ್ದರೂ ನಿಯಮ ಮುರಿಯುವುದಿಲ್ಲ. ಕಾರ್ಡಿನಲ್ಲೂ ಅಷ್ಟೇ: ಅ ಮತ್ತು 7. ಸಂಕೇತದಲ್ಲಿ ಸಿಕ್ಕಿಕೊಂಡಾಗ ಹೀಗೆ ಗೊತ್ತಿರುವ ಜಾಗಕ್ಕೆ ಲೆಕ್ಕವನ್ನು ಎಳೆದು ತನ್ನಿ.

ದಿನಕ್ಕೆ ಎಷ್ಟು ಲೆಕ್ಕ ಎಂದು ಕೇಳಿದ್ದೀರಿ. ಮೂರು ಸಾಕು, ಆದರೆ ಪ್ರತಿಯೊಂದನ್ನೂ ಎರಡು ದಾರಿಯಲ್ಲಿ ಮಾಡಬೇಕು. ಅರ್ಧ ಗಂಟೆ ಗುದ್ದಾಡದೆ ಉತ್ತರ ನೋಡಬಾರದು. ನೋಡಿದರೆ ಪುಸ್ತಕ ಮುಚ್ಚಿಟ್ಟು, ಮರುದಿನ ಬೆಳಿಗ್ಗೆ ಖಾಲಿ ಹಾಳೆಯ ಮೇಲೆ ಅದೇ ಲೆಕ್ಕ ಮತ್ತೆ ಮಾಡಿ. ಬಿಡಿಸಿಟ್ಟ ಲೆಕ್ಕ ಓದಿ ಅರ್ಥವಾಗುವುದು ಬೇರೆಯವರು ಈಜುವುದನ್ನು ದಡದಲ್ಲಿ ನಿಂತು ನೋಡಿದ ಹಾಗೆ. ಒಂದು ಇನ್ನೂರು ಪುಟದ ನೋಟ್‌ಬುಕ್ ಬರೀ ತಪ್ಪುಗಳಿಗೆ ಇಡಿ. ಎಡಗಡೆ ನಿಮ್ಮ ತಪ್ಪು ಉತ್ತರ, ಬಲಗಡೆ ಮೇಲೆ 112ಕ್ಕೆ ಮಾಡಿದ ಹಾಗೆ ಅದರ ಪೂರ್ತಿ ಲೆಕ್ಕ. ತಿಂಗಳಾದ ಮೇಲೆ ಎಡಗಡೆ ಓದಿದರೆ ಮೂರೋ ನಾಲ್ಕೋ ತಪ್ಪುಗಳೇ ಬೇರೆ ಬೇರೆ ವೇಷದಲ್ಲಿ ಬಂದಿರುವುದು ಕಾಣುತ್ತದೆ.

ಈ ವಾರಕ್ಕೆ ನಾಲ್ಕು ಲೆಕ್ಕ ಕೊಡುತ್ತೇನೆ. ಮೇಲಿನ ಸಮಿತಿಯಲ್ಲಿ ಕಡೇಪಕ್ಷ ಒಬ್ಬ ಹುಡುಗಿ, ಕಡೇಪಕ್ಷ ಒಬ್ಬ ಹುಡುಗ ಇಬ್ಬರೂ ಇರಬೇಕೆಂದರೆ ಎಷ್ಟು ರೀತಿ? 6 ಜನರನ್ನು ಚೆಸ್ ಆಡಲು 3 ಜೋಡಿ ಮಾಡುವುದು ಎಷ್ಟು ರೀತಿ, ಬೋರ್ಡುಗಳಿಗೆ 1, 2, 3 ಎಂದು ನಂಬರ್ ಹಾಕಿದ್ದರೆ ಎಷ್ಟು? "ಪ್ರತಿ ಬಸ್ಸಿನಲ್ಲೂ ಒಂದಾದರೂ ಸೀಟು ಖಾಲಿಯಿದೆ" ಎಂಬುದರ ನಿಷೇಧವೇನು? ಸಮವಾಗಿ ಬೀಳುವ ನಾಲ್ಕು ಕವಡೆಗಳನ್ನು ಎರಡು ಸಲ ಎಸೆದರೆ, ಒಂದು ಸಲವಾದರೂ ಚೌಕ ಅಥವಾ ಬಾರ ಬೀಳುವ ಸಂಭವನೀಯತೆ ಎಷ್ಟು?

ಮಾಡಿದ ಮೇಲೆಯೇ ಮುಂದೆ ಓದಿ. ಸಮಿತಿ 70. ಜೋಡಿಗಳು 15, ಬೋರ್ಡಿಗೆ ನಂಬರ್ ಇದ್ದರೆ 90. ನಿಷೇಧ, "ಒಂದು ಬಸ್ಸಾದರೂ ಪೂರ್ತಿ ತುಂಬಿದೆ". ಕವಡೆಯದು 15/64. ಒಂದು ಎಸೆತದಲ್ಲಿ ಚೌಕ ಅಥವಾ ಬಾರ ಬೀಳುವ ಸಂಭವನೀಯತೆ 2/16, ಅಂದರೆ 1/8. ನಿಮಗೆ 16/64 ಬಂದಿದ್ದರೆ 1/8 ಮತ್ತು 1/8 ಕೂಡಿಸಿದ್ದೀರಿ. ಎರಡು ಎಸೆತದಲ್ಲೂ ಬಿದ್ದ ಸಂದರ್ಭ, ಸವಿತಾ ಮತ್ತು ಮಂಗಳಾ ಇಬ್ಬರೂ ಇದ್ದ ಸಮಿತಿಯ ಹಾಗೆ, ಎರಡು ಸಲ ಎಣಿಕೆಯಾಗಿದೆ. ಆ 1/64ನ್ನು ಒಮ್ಮೆ ಕಳೆಯಿರಿ.